ಹುಲ್ಲು ಕತ್ತರಿಸಿದ್ದಕ್ಕೆ ಸೋತರಾ? ತಂಡದ ಗಾಲ್ಫ್‌ನಲ್ಲಿ ನೆಲದ ಲೆಕ್ಕ

2025ರ ಸೆಪ್ಟೆಂಬರ್ 28, ಭಾನುವಾರ. ದುಬೈನಲ್ಲಿ ಭಾರತ–ಪಾಕಿಸ್ತಾನ ಏಷ್ಯಾ ಕಪ್ ಫೈನಲ್ ಮುಗಿಯುವಾಗ ನಮ್ಮಲ್ಲಿ ಮಧ್ಯರಾತ್ರಿ. ಅದೇ ಹೊತ್ತಿಗೆ ನ್ಯೂಯಾರ್ಕ್ ಪಕ್ಕದ ಬೆಥ್‌ಪೇಜ್‌ನಲ್ಲಿ ಇನ್ನೊಂದು ಫೈನಲ್ ನಡೆಯುತ್ತಿತ್ತು. ಅಮೆರಿಕ ಮತ್ತು ಯುರೋಪ್ ನಡುವಿನ ರೈಡರ್ ಕಪ್ ಗಾಲ್ಫ್‌ನ ಕೊನೆಯ ದಿನ. ಯುರೋಪ್ 15–13ರಿಂದ ಗೆದ್ದಿತು.

ಮರುದಿನದ ಸುದ್ದಿ ಓದಿದವರಿಗೆ ಮಾತ್ರ ತಲೆಬುಡ ಅರ್ಥವಾಗಲಿಲ್ಲ. ಕೊನೆಯ ದಿನ ಯುರೋಪ್ ಗೆದ್ದಿದ್ದು ಒಂದೇ ಒಂದು ಪಂದ್ಯ, ಆದರೂ ಕಪ್ ಅವರದ್ದು. ಒಬ್ಬ ಆಟಗಾರ ಮೈದಾನಕ್ಕೇ ಇಳಿಯಲಿಲ್ಲ, ಆದರೂ ಅವನ ತಂಡಕ್ಕೆ ಅರ್ಧ ಅಂಕ. ಇಷ್ಟು ಸಾಲದು ಅಂತ ಅಮೆರಿಕದ ನಾಯಕ ಕೀಗನ್ ಬ್ರಾಡ್ಲಿ ‘ಕೋರ್ಸ್ ಸಿದ್ಧ ಮಾಡಿಸಿದ್ದರಲ್ಲಿ ನಾನೇ ತಪ್ಪು ಮಾಡಿದೆ’ ಎಂಬರ್ಥದ ಮಾತಾಡಿದರು. ಆಟಗಾರರು ಚೆನ್ನಾಗಿ ಆಡಲಿಲ್ಲ ಅಂದರೆ ಅರ್ಥವಾಗುತ್ತದೆ. ಹುಲ್ಲು ಕತ್ತರಿಸಿದ್ದು ಸರಿಯಾಗಲಿಲ್ಲ ಅಂದರೆ?

ಮೂರೂ ಪ್ರಶ್ನೆಗಳಿಗೆ ಉತ್ತರ ಇದೆ. ಮೊದಲ ಎರಡು ನಿಯಮದ ವಿಷಯ, ಬೇಗ ಮುಗಿಯುತ್ತವೆ. ಮೂರನೆಯದು ನೆಲದ ವಿಷಯ. ನಿಜವಾದ ಸ್ವಾರಸ್ಯ ಇರುವುದು ಅಲ್ಲಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಅದು ಬರೀ ದೂರದ ಆಟದ ಮಾತೂ ಅಲ್ಲ.

28 ಅಂಕಗಳ ಲೆಕ್ಕ

ಮಾಮೂಲಿ ಗಾಲ್ಫ್ ಟೂರ್ನಿಯಲ್ಲಿ ನಾಲ್ಕು ದಿನದ ಒಟ್ಟು ಹೊಡೆತಗಳನ್ನು ಕೂಡಿಸುತ್ತಾರೆ. ಕಡಿಮೆ ಹೊಡೆದವರು ಗೆದ್ದರು. ರೈಡರ್ ಕಪ್ ಹಾಗಲ್ಲ. ಇಲ್ಲಿ ಪ್ರತಿ ಹೋಲ್, ಅಂದರೆ ಮೊದಲ ಹೊಡೆತದಿಂದ ಚೆಂಡು ಕುಳಿಗೆ ಬೀಳುವವರೆಗಿನ ಘಟ್ಟ, ಬೇರೆಯದೇ ಒಂದು ಕುಸ್ತಿ. ಒಂದು ಹೋಲ್‌ನಲ್ಲಿ ಎದುರಾಳಿ ನಾಲ್ಕು ಹೊಡೆತದಲ್ಲಿ ಚೆಂಡು ಹಾಕಿ, ನೀವು ಐದು ತಗೊಂಡರೂ ಸೋಲು, ಎಂಟು ತಗೊಂಡರೂ ಅದೇ ಸೋಲು. ಮುಂದಿನ ಹೋಲ್‌ಗೆ ಹಳೆಯ ಸಾಲ ಬರುವುದಿಲ್ಲ. ‘5 ಮತ್ತು 4’ ಎಂಬ ಫಲಿತಾಂಶ ಕಂಡರೆ ಅರ್ಥ ಇಷ್ಟೇ: ಒಬ್ಬರು ಐದು ಹೋಲ್ ಮುಂದಿದ್ದಾರೆ, ಆಡಲು ನಾಲ್ಕೇ ಉಳಿದಿವೆ. ಇನ್ನು ಆಡಿ ಪ್ರಯೋಜನವಿಲ್ಲ, ಕೈಕುಲುಕಿ ಹೊರಡುತ್ತಾರೆ.

ಇದರಿಂದ ಆಟದ ಧೈರ್ಯವೇ ಬದಲಾಗುತ್ತದೆ. ಒಟ್ಟು ಹೊಡೆತದ ಆಟದಲ್ಲಿ ನೀರಿನ ಮೇಲಿಂದ ಹೊಡೆಯಲು ಹೆದರುವವನು ಇಲ್ಲಿ ಹೆದರಬೇಕಿಲ್ಲ. ಹೋದರೆ ಒಂದು ಹೋಲ್ ಹೋಯಿತು, ಅಷ್ಟೇ.

ಮೂರು ದಿನ, 28 ಪಂದ್ಯ. ಗೆದ್ದರೆ ಒಂದು ಅಂಕ, ಸಮ ಆದರೆ ಅರ್ಧ. ಮೊದಲೆರಡು ದಿನ ಜೋಡಿ ಆಟ. ಅದರಲ್ಲೂ ಎರಡು ಬಗೆ. ಫೋರ್‌ಬಾಲ್‌ನಲ್ಲಿ ನಾಲ್ವರಿಗೂ ಅವರವರ ಚೆಂಡು, ಜೋಡಿಯಲ್ಲಿ ಯಾರದು ಚೆನ್ನಾಗಿದೆಯೋ ಅದು ಲೆಕ್ಕಕ್ಕೆ. ಫೋರ್ಸಮ್ಸ್‌ನಲ್ಲಿ ಜೋಡಿಗೆ ಒಂದೇ ಚೆಂಡು, ಸರದಿಯ ಪ್ರಕಾರ ಹೊಡೆಯಬೇಕು. ಜೊತೆಗಾರ ಪೊದೆಯಲ್ಲಿ ಹಾಕಿದರೆ ಪೊದೆಯಿಂದ ಹೊಡೆಯುವ ಕರ್ಮ ನಿಮ್ಮದು. ಬರೀ ದೂರ ಹೊಡೆಯುವವರಿಗಿಂತ ನೇರ ಹೊಡೆಯುವವರಿಗೆ ಇದು ಹಿಡಿಸುತ್ತದೆ. ಬೆಥ್‌ಪೇಜ್‌ನಲ್ಲಿ ಯುರೋಪ್ ಎರಡೂ ದಿನದ ಫೋರ್ಸಮ್ಸ್ ಅನ್ನು 3–1ರಿಂದ ಗೆದ್ದಿತು. ಯುರೋಪ್‌ನ ಮೆಕ್‌ಇಲ್ರಾಯ್–ಫ್ಲೀಟ್‌ವುಡ್ ಜೋಡಿ ಮೊದಲ ದಿನ ಅಮೆರಿಕದ ಮೊರಿಕಾವಾ–ಹ್ಯಾರಿಸ್ ಇಂಗ್ಲಿಷ್ ಜೋಡಿಯನ್ನು 5 ಮತ್ತು 4ರಿಂದ ಸೋಲಿಸಿತು. ಬ್ರಾಡ್ಲಿ ಮರುದಿನವೂ ಅದೇ ಜೋಡಿಯನ್ನು ಕಳಿಸಿದರು. ಎದುರಿಗೆ ಮತ್ತೆ ಅವರೇ ಸಿಕ್ಕರು. ಮತ್ತೆ ಸೋಲು, 3 ಮತ್ತು 2. ಒಮ್ಮೆ ಕಲಿಯದ ಪಾಠಕ್ಕೆ ಎರಡು ಸಲ ಫೀಸು ಕಟ್ಟಿದ ಹಾಗಾಯಿತು.

ಶನಿವಾರ ರಾತ್ರಿಗೆ ಯುರೋಪ್ 11½, ಅಮೆರಿಕ 4½. ಹಿಂದಿನ ಸಲದ ವಿಜೇತರಾದ ಯುರೋಪ್‌ಗೆ ಕಪ್ ಉಳಿಸಿಕೊಳ್ಳಲು 14 ಸಾಕಿತ್ತು. ಭಾನುವಾರದ 12 ಒಂಟಿ ಪಂದ್ಯಗಳಲ್ಲಿ ಅಮೆರಿಕ 8½–3½ರಿಂದ ಮೇಲುಗೈ ಸಾಧಿಸಿತು. ಓಬರ್ಗ್ ಬಿಟ್ಟರೆ ಯುರೋಪ್‌ನ ಯಾರೂ ಗೆಲ್ಲಲಿಲ್ಲ. ಆದರೆ ಐದು ಪಂದ್ಯ ಸಮವಾದವು. ಯುರೋಪ್‌ನ ಶೇನ್ ಲೌರಿ ಕೊನೆಯ ಹೋಲ್‌ನಲ್ಲಿ ಪಟ್ (ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ) ಹಾಕಿ ರಸೆಲ್ ಹೆನ್ಲಿ ಜೊತೆ ಸಮ ಮಾಡಿಕೊಂಡಾಗ 14 ತಲುಪಿತು. ಅಲ್ಲಿಗೆ ಕಪ್ ಉಳಿಯಿತು.

ಲಕೋಟೆಯ ಅರ್ಧ ಅಂಕ

ಆ ಐದು ‘ಸಮ’ಗಳಲ್ಲಿ ಒಂದು ಆಡದೇ ಬಂದದ್ದು. ಯುರೋಪ್‌ನ ವಿಕ್ಟರ್ ಹೊವ್ಲಾಂಡ್‌ಗೆ ಕುತ್ತಿಗೆ ನೋವು, ಭಾನುವಾರ ಆಡಲಾಗಲಿಲ್ಲ. ನಿಯಮ ಹೀಗಿದೆ: ಒಂಟಿ ಪಂದ್ಯಗಳಿಗೆ ಮುಂಚೆ ಎರಡೂ ನಾಯಕರು ತಮ್ಮ ತಂಡದ ಒಬ್ಬನ ಹೆಸರು ಬರೆದು ಲಕೋಟೆಯಲ್ಲಿ ಮುಚ್ಚಿಡಬೇಕು. ಎದುರು ತಂಡದಲ್ಲಿ ಯಾರಿಗಾದರೂ ಗಾಯವಾದರೆ ಲಕೋಟೆಯಲ್ಲಿರುವವನೂ ಕೂರಬೇಕು. ಅವರಿಬ್ಬರ ಪಂದ್ಯ ಸಮ ಎಂದು ಲೆಕ್ಕ. ಬ್ರಾಡ್ಲಿ ಲಕೋಟೆಯಲ್ಲಿದ್ದ ಹೆಸರು ಅದೇ ಹ್ಯಾರಿಸ್ ಇಂಗ್ಲಿಷ್.

1979, 1991, 1993ರಲ್ಲೂ ಈ ಲಕೋಟೆ ತೆರೆದಿತ್ತು. ಬ್ರಾಡ್ಲಿ ಇದನ್ನು ಬದಲಿಸಬೇಕು ಅಂದರು. ಆರೋಗ್ಯವಾಗಿರುವ 12 ಜನ ಇರುವ ತಂಡಕ್ಕೆ ಯಾಕೆ ನಷ್ಟ ಅನ್ನುವುದು ಆ ಕಡೆಯ ವಾದ. ಯುರೋಪ್ ನಾಯಕ ಲ್ಯೂಕ್ ಡೊನಾಲ್ಡ್ ಕಡೆಯ ಉತ್ತರ: ದಶಕಗಳಿಂದ ಇರುವ, ಎರಡೂ ಕಡೆ ಒಪ್ಪಿಕೊಂಡು ಬಂದ ನಿಯಮ. ಗಾಯಕ್ಕೆ ಪೂರ್ತಿ ಅಂಕ ಕಳೆದರೆ ನೋವಿದ್ದವನೂ ಮೈದಾನಕ್ಕಿಳಿದು ಗಾಯ ಜಾಸ್ತಿ ಮಾಡಿಕೊಳ್ಳುತ್ತಾನೆ ಅನ್ನುವುದೂ ನಿಜ. ಆದರೆ ಒಂದು ಮಾತು. ಆ ಅರ್ಧ ಅಂಕ ಅಮೆರಿಕಕ್ಕೇ ಪೂರ್ತಿಯಾಗಿ ಸಿಕ್ಕಿದ್ದರೂ ಯುರೋಪ್ 14½–13½ರಿಂದ ಗೆಲ್ಲುತ್ತಿತ್ತು. ಹಾಗಾಗಿ ಸೋಲಿನ ಕಾರಣ ಲಕೋಟೆಯಲ್ಲಿಲ್ಲ.

ತವರಿನ ಪಿಚ್ ತಿರುಗಿಬಿದ್ದಾಗ

ಗಾಲ್ಫ್‌ನ ಈ ಭಾಗ ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ವಿಷಯ. 2024ರ ಅಕ್ಟೋಬರ್‌ನಲ್ಲಿ ಪುಣೆ ಟೆಸ್ಟ್‌ಗೆ ನಾವು ಸ್ಪಿನ್ ಪಿಚ್ ಮಾಡಿಸಿದೆವು. ಅದೇ ಪಿಚ್ ಮೇಲೆ ನ್ಯೂಜಿಲೆಂಡ್‌ನ ಸ್ಯಾಂಟ್ನರ್ 13 ವಿಕೆಟ್ ಕಿತ್ತ. ಬೆಥ್‌ಪೇಜ್‌ನಲ್ಲಿ ಆದದ್ದೂ ಇಂಥದ್ದೇ.

ರೈಡರ್ ಕಪ್‌ನಲ್ಲಿ ಆತಿಥೇಯ ನಾಯಕನಿಗೆ ಕೋರ್ಸ್ ಹೇಗಿರಬೇಕು ಎಂದು ಹೇಳುವ ಅವಕಾಶವಿದೆ. ಫೇರ್‌ವೇ, ಅಂದರೆ ಚೆಂಡು ಬೀಳಬೇಕಾದ ಕತ್ತರಿಸಿದ ಹುಲ್ಲಿನ ದಾರಿ, ಎಷ್ಟು ಅಗಲ? ಅದರಾಚೆಯ ರಫ್ ಎಷ್ಟು ಎತ್ತರ? ಕುಳಿ ಇರುವ ಗ್ರೀನ್ ಎಷ್ಟು ಗಟ್ಟಿ, ಎಷ್ಟು ವೇಗ? ಇದನ್ನೆಲ್ಲ ತನ್ನ ತಂಡಕ್ಕೆ ಹೊಂದುವಂತೆ ಮಾಡಿಸಿಕೊಳ್ಳುತ್ತಾನೆ. 2018ರಲ್ಲಿ ಪ್ಯಾರಿಸ್ ಹತ್ತಿರದ ಲೆ ಗಾಲ್ಫ್ ನ್ಯಾಷನಲ್‌ನಲ್ಲಿ ಯುರೋಪ್ ಫೇರ್‌ವೇಗಳನ್ನು ಕಿರಿದು ಮಾಡಿ ರಫ್ ಬೆಳೆಸಿತು. ದೂರ ಹೊಡೆಯುವ ಅಮೆರಿಕನ್ನರು ಹುಲ್ಲಿನಲ್ಲಿ ಚೆಂಡು ಹುಡುಕುವುದೇ ಆಯಿತು. 17½–10½ ಸೋಲು. 2021ರಲ್ಲಿ ವಿಸ್ಕಾನ್ಸಿನ್‌ನ ವಿಸ್ಲಿಂಗ್ ಸ್ಟ್ರೇಟ್ಸ್‌ನಲ್ಲಿ ಅಮೆರಿಕ 19–9ರಿಂದ ಸೇಡು ತೀರಿಸಿಕೊಂಡಿತು. 2014ರಿಂದ 2023ರವರೆಗೆ ಸತತ ಐದು ಸಲ ಆತಿಥೇಯರೇ ಗೆದ್ದರು. ಇದು ಸುಮ್ನೆ ಆದದ್ದಲ್ಲ.

ಬ್ರಾಡ್ಲಿ ತಂಡವೂ ಅದೇ ಸೂತ್ರ ಹಿಡಿಯಿತು. ನಮ್ಮವರು ದೂರ ಹೊಡೆಯುತ್ತಾರೆ, ರಫ್ ಚಿಕ್ಕದಿದ್ದರೆ ಎಲ್ಲಿ ಬಿದ್ದರೂ ಅಲ್ಲಿಂದ ಗ್ರೀನ್‌ಗೆ ಸಲೀಸಾಗಿ ಹೊಡೆಯಬಹುದು ಅನ್ನುವ ಲೆಕ್ಕ. ಲೆಕ್ಕ ತಪ್ಪಿದ್ದು ಬೆಥ್‌ಪೇಜ್ ಬ್ಲ್ಯಾಕ್‌ನ ಸ್ವಭಾವ ಮರೆತದ್ದಕ್ಕೆ.

1936ರಲ್ಲಿ ತೆರೆದ, ಟಿಲಿಂಗ್‌ಹಾಸ್ಟ್ ಎಂಬ ವಿನ್ಯಾಸಕಾರನ ಹೆಸರಿನಲ್ಲಿರುವ ಈ ಕೋರ್ಸ್ ಖಾಸಗಿ ಕ್ಲಬ್ ಅಲ್ಲ, ಸರ್ಕಾರಿ ಉದ್ಯಾನ. ಯಾರು ಬೇಕಾದರೂ ದುಡ್ಡು ಕಟ್ಟಿ ಆಡಬಹುದು. ಜನ ರಾತ್ರಿ ಕಾರಿನಲ್ಲೇ ಮಲಗಿ ಬೆಳಗಿನ ಸರದಿ ಹಿಡಿಯುತ್ತಾರೆ. ಮೊದಲ ಟೀ (ಆಟ ಶುರುಮಾಡುವ ಜಾಗ) ಹತ್ತಿರ ಒಂದು ಬೋರ್ಡ್ ಇದೆ: ಇದು ಬಹಳ ಕಷ್ಟದ ಕೋರ್ಸ್, ಪಳಗಿದವರು ಮಾತ್ರ ಆಡುವುದು ಒಳ್ಳೆಯದು. ಕಷ್ಟ ಎಲ್ಲಿದೆ? ಉದ್ದದಲ್ಲಿ, ರಫ್‌ನಲ್ಲಿ, ಗ್ರೀನ್ ಮುಂದೆ ಬಾಯ್ದೆರೆದ ದೊಡ್ಡ ಬಂಕರ್‌ಗಳಲ್ಲಿ, ಅಂದರೆ ಮರಳುಗುಂಡಿಗಳಲ್ಲಿ. ಗ್ರೀನ್‌ಗಳ ಮೇಲೆ ಅಷ್ಟೇನೂ ಇಲ್ಲ, ಬಹುಪಾಲು ಚಪ್ಪಟೆ. ಅಂದರೆ ಗ್ರೀನ್ ತಲುಪುವವರೆಗೆ ಪರೀಕ್ಷೆ, ತಲುಪಿದ ಮೇಲೆ ಬಿಡುವು.

ಈಗ ರಫ್ ಕತ್ತರಿಸಿಬಿಟ್ಟರೆ ಅರ್ಧ ಪರೀಕ್ಷೆ ಹೋಯಿತು. ಪಂದ್ಯಕ್ಕೆ ಮುಂಚೆ ಮಳೆ ಬಂದು ಗ್ರೀನ್ ಮೆತ್ತಗಾಯಿತು. ಮೆತ್ತಗಿನ ಗ್ರೀನ್‌ಗೆ ಎಲ್ಲಿಂದ ಹೊಡೆದರೂ ಚೆಂಡು ಬಿದ್ದಲ್ಲೇ ನಿಲ್ಲುತ್ತದೆ. ಉಳಿದರ್ಧ ಪರೀಕ್ಷೆಯೂ ಹೋಯಿತು. ಆಮೇಲೆ ಉಳಿಯುವುದು ಪಟ್ ಯಾರು ಚೆನ್ನಾಗಿ ಹಾಕುತ್ತಾರೆ ಅನ್ನುವುದೊಂದೇ. ಮೊದಲೆರಡು ದಿನ ಅದರಲ್ಲಿ ಯುರೋಪಿನವರನ್ನು ಹಿಡಿಯುವವರಿರಲಿಲ್ಲ. ತಮ್ಮ ನೆಲದ ಹಲ್ಲನ್ನು ತಾವೇ ಕಿತ್ತು ಅತಿಥಿಗಳಿಗೆ ಊಟ ಬಡಿಸಿದರು. 2012ರ ನಂತರ ಹೊರನಾಡಿನಲ್ಲಿ ಬಂದ ಮೊದಲ ಗೆಲುವು ಇದು.

ಹೀಗೆ ಒಬ್ಬರಿಗೆ ಬೇಕಾದ ಹಾಗೆ ನೆಲ ಸಿದ್ಧ ಮಾಡುವುದನ್ನೇ ನಿಲ್ಲಿಸಿ, ತಟಸ್ಥರ ಕೈಗೆ ಕೊಡಿ ಅನ್ನುವವರಿದ್ದಾರೆ. ಒಂದೇ ಕಡೆ ವಾಲುವ ಪಂದ್ಯಗಳಿಂದ ಬೇಸತ್ತವರ ಮಾತು ಅದು. ಅದನ್ನು ಒಪ್ಪುವುದು ಕಷ್ಟ. ತವರಿನ ಲಾಭ ತೆಗೆದರೆ ನಾಯಕನ ತಲೆಗೆ ಉಳಿಯುವ ಕೆಲಸ ಜೋಡಿ ಬರೆಯುವುದಷ್ಟೇ. ಬೆಥ್‌ಪೇಜ್ ತೋರಿಸಿದಂತೆ, ಆ ಲಾಭದಲ್ಲಿ ಬೆರಳು ಸುಟ್ಟುಕೊಳ್ಳುವ ಸಾಧ್ಯತೆಯೂ ಇದೆಯಲ್ವಾ?

ದೆಹಲಿಯ ಪೊದೆ, ಮೆಲ್ಬರ್ನ್‌ನ ಗಟ್ಟಿ ನೆಲ

ಕೆಲವೇ ವಾರಗಳ ನಂತರ, ಅಕ್ಟೋಬರ್‌ನಲ್ಲಿ, ಮೆಕ್‌ಇಲ್ರಾಯ್ ಮತ್ತು ಫ್ಲೀಟ್‌ವುಡ್ ದೆಹಲಿ ಗಾಲ್ಫ್ ಕ್ಲಬ್‌ನ ಲೋಧಿ ಕೋರ್ಸ್‌ನಲ್ಲಿದ್ದರು. ಅಲ್ಲಿ ಫೇರ್‌ವೇ ಓಣಿಯಷ್ಟೇ ಅಗಲ, ಎರಡೂ ಕಡೆ ದಟ್ಟ ಪೊದೆ. ಜಗತ್ತಿನಲ್ಲೇ ದೂರ ಹೊಡೆಯುವವರ ಸಾಲಿನಲ್ಲಿರುವ ಮೆಕ್‌ಇಲ್ರಾಯ್ ಇಲ್ಲಿ ಡ್ರೈವರ್ (ಅತಿ ದೂರ ಹೊಡೆಯುವ ಕೋಲು) ಮುಟ್ಟುವುದೇ ಅನುಮಾನ ಅಂದರು. ಫ್ಲೀಟ್‌ವುಡ್ ಪಾರ್‌ಗಿಂತ, ಅಂದರೆ ಕೋರ್ಸ್‌ಗೆ ನಿಗದಿಯಾದ ಹೊಡೆತಗಳಿಗಿಂತ, ಒಟ್ಟು 22 ಕಡಿಮೆ ಹೊಡೆದು ಅಲ್ಲಿಯ ಟೂರ್ನಿ ಗೆದ್ದರು. ಒಂದೇ ಆಟ, ಅದೇ ಆಟಗಾರರು, ನೆಲ ಬೇರೆ. ನೆಲವೇ ಯಾವ ಕೋಲು ಹಿಡಿಯಬೇಕು ಅಂತ ಹೇಳಿತು.

ಲೋಧಿಯಂಥ ಕೋರ್ಸ್ ದಂಡ ಹಾಕುವ ಬಗೆಯದು. ತಪ್ಪಿದರೆ ಶಿಕ್ಷೆ, ಬೇರೆ ಮಾತಿಲ್ಲ. ಇನ್ನೊಂದು ಬಗೆ ಇದೆ. ಅಲ್ಲಿ ದಾರಿ ಅಗಲವಾಗಿರುತ್ತದೆ, ಹೊಡೆಯಲು ಜಾಗ ಬೇಕಾದಷ್ಟು. ಆದರೆ ಎಡಗಡೆಯ ಬಂಕರ್ ಪಕ್ಕಕ್ಕೆ ಹೊಡೆದವನಿಗೆ ಮಾತ್ರ ಮುಂದಿನ ಹೊಡೆತಕ್ಕೆ ಗ್ರೀನ್ ತೆರೆದುಕೊಳ್ಳುತ್ತದೆ. ಸುರಕ್ಷಿತವಾಗಿ ಬಲಕ್ಕೆ ಹೋದವನ ಎದುರು ಅದೇ ಗ್ರೀನ್ ಅಡ್ಡವಾಗಿ ಮಲಗಿರುತ್ತದೆ. ಯಾರೂ ಶಿಕ್ಷೆ ಕೊಡುವುದಿಲ್ಲ, ಹೆದರಿದ್ದಕ್ಕೆ ಬೆಲೆ ಮಾತ್ರ ತೆರಬೇಕು. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್, ಅಲಿಸ್ಟರ್ ಮೆಕೆಂಜಿ ವಿನ್ಯಾಸದ ರಾಯಲ್ ಮೆಲ್ಬರ್ನ್ ಈ ಬಗೆಯವು.

ಈ ಉಪಾಯ ಕೆಲಸ ಮಾಡಲು ಒಂದು ಷರತ್ತಿದೆ. ನೆಲ ಗಟ್ಟಿ ಇರಬೇಕು. ಚೆಂಡು ಬಿದ್ದ ಮೇಲೆ ಉರುಳಬೇಕು, ಇಳಿಜಾರು ಹಿಡಿದು ತಿರುಗಬೇಕು. ನೀರು ಕುಡಿದು ಮೆತ್ತಗಾದ ನೆಲದಲ್ಲಿ ಎಡವೂ ಒಂದೇ ಬಲವೂ ಒಂದೇ. ಬೆಥ್‌ಪೇಜ್‌ನ ಮಳೆ ಮಾಡಿದ್ದೂ ಇದನ್ನೇ.

ಕೋರ್ಸ್ ಕಟ್ಟಿದವನೇ ಎದುರಾಳಿ ನಾಯಕ

ಇದನ್ನು ಪರೀಕ್ಷಿಸಲು ಒಳ್ಳೆಯ ಅವಕಾಶ 2026ರ ಸೆಪ್ಟೆಂಬರ್‌ಗೆ ನಿಗದಿಯಾಗಿರುವ ಪ್ರೆಸಿಡೆಂಟ್ಸ್ ಕಪ್. ಇದು ಅಮೆರಿಕಕ್ಕೂ ಯುರೋಪ್ ಬಿಟ್ಟು ಉಳಿದ ಜಗತ್ತಿಗೂ ನಡೆಯುವ ಪಂದ್ಯ. ಭಾರತದವರಿಗೆ ಜಾಗ ಇರುವುದು ಇಲ್ಲೇ. ಬೆಂಗಳೂರಿನ ಅನಿರ್ಬನ್ ಲಾಹಿರಿ 2015 ಮತ್ತು 2017ರಲ್ಲಿ ಆಡಿದ್ದರು. 2022ರಿಂದ ಯಾಕಿಲ್ಲ ಅನ್ನುವುದು ಇನ್ನೊಂದು ಗೊಂದಲ. ಲಾಹಿರಿ ಆ ವರ್ಷ ಸೌದಿ ದುಡ್ಡಿನ ಎಲ್‌ಐವಿ ಲೀಗ್‌ಗೆ, ಬ್ರೈಸನ್ ಡಿಶಾಂಬೊ ನಾಯಕತ್ವದ ಕ್ರಷರ್ಸ್ ತಂಡಕ್ಕೆ ಸೇರಿದರು. ಪ್ರೆಸಿಡೆಂಟ್ಸ್ ಕಪ್ ನಡೆಸುವುದು ಪಿಜಿಎ ಟೂರ್. ಎಲ್‌ಐವಿಗೆ ಹೋದವರಿಗೆ ಅದು ಬಾಗಿಲು ಹಾಕಿತು. ಹಾಗಾದರೆ ಅದೇ ಡಿಶಾಂಬೊ ರೈಡರ್ ಕಪ್‌ನಲ್ಲಿ ಆಡಿದ್ದು ಹೇಗೆ? ಅಮೆರಿಕದ ರೈಡರ್ ಕಪ್ ತಂಡ ಪಿಜಿಎ ಆಫ್ ಅಮೆರಿಕದ ಕೈಯಲ್ಲಿದೆ. ಹೆಸರು ಒಂದೇ ಥರ ಕೇಳಿಸಿದರೂ ಅವು ಬೇರೆ ಬೇರೆ ಸಂಸ್ಥೆಗಳು. 1968ರಲ್ಲೇ ಬೇರೆಯಾದವು.

ಇದುವರೆಗಿನ 15 ಪ್ರೆಸಿಡೆಂಟ್ಸ್ ಕಪ್‌ಗಳಲ್ಲಿ ಅಮೆರಿಕ 13 ಗೆದ್ದಿದೆ, ಒಂದು ಸಮ. ಉಳಿದವರು ಗೆದ್ದದ್ದು 1998ರಲ್ಲಿ ಒಮ್ಮೆ, ಅದೂ ರಾಯಲ್ ಮೆಲ್ಬರ್ನ್‌ನಲ್ಲಿ. 2019ರಲ್ಲಿ ಅಲ್ಲೇ ಕೊನೆಯ ದಿನಕ್ಕೆ 10–8 ಮುಂದಿದ್ದು 16–14ರಿಂದ ಸೋತರು. ಗಟ್ಟಿ ನೆಲ ಅವರಿಗೆ ಒಗ್ಗುತ್ತದೆ ಅನ್ನಿಸುತ್ತದೆ. ಹಾಗಂತ ನೆಲವೇ ಎಲ್ಲ ಅಲ್ಲ. 2011ರಲ್ಲಿ ಅದೇ ಜಾಗದಲ್ಲಿ ಅಮೆರಿಕ ಆರಾಮಾಗಿ ಗೆದ್ದಿತ್ತು.

ಈ ಸಲದ ಜಾಗ ಷಿಕಾಗೊ ಬಳಿಯ ಮೆಡಿನಾದ 3ನೇ ಕೋರ್ಸ್. 2012ರಲ್ಲಿ ಯುರೋಪ್ ಪವಾಡದಂತೆ ರೈಡರ್ ಕಪ್ ಗೆದ್ದ ಊರು. ಆದರೆ ಕೋರ್ಸ್ ಈಗ ಆಗಿನ ಹಾಗಿಲ್ಲ. ಮರಗಳ ಮಧ್ಯದ ಇಕ್ಕಟ್ಟಿನ ದಾರಿ ಹೋಗಿದೆ. ಮರ ಕಡಿದು, ಫೇರ್‌ವೇ ಅಗಲಿಸಿ, ಹೊಸ ಗ್ರೀನ್ ಕಟ್ಟಿದ್ದಾರೆ. ಕಟ್ಟಿದ್ದು ಆಸ್ಟ್ರೇಲಿಯಾದ ಮೂವರ ಕಂಪನಿ. ಮೂವರಲ್ಲೊಬ್ಬರು ಮೆಲ್ಬರ್ನ್‌ನ ಜೆಫ್ ಓಗಿಲ್ವಿ. ಅದೇ ಓಗಿಲ್ವಿ ಈ ಸಲ ಅಮೆರಿಕದ ಎದುರು ತಂಡದ ನಾಯಕ!

ಅಂದರೆ ಅಮೆರಿಕದ ನೆಲದಲ್ಲಿ, ಎದುರಾಳಿ ನಾಯಕನೇ ಎಳೆದ ಇಳಿಜಾರುಗಳ ಮೇಲೆ, ಬ್ರಾಂಟ್ ಸ್ನೆಡೆಕರ್ ನಾಯಕತ್ವದ ತಂಡ ಆಡಬೇಕು. ಯಾವ ಗ್ರೀನ್‌ಗೆ ಯಾವ ಕಡೆಯಿಂದ ಬರಬೇಕು ಅನ್ನುವುದು ಓಗಿಲ್ವಿಗೆ ನಕ್ಷೆ ನೋಡದೇ ಗೊತ್ತು. ಆದರೆ ವಿನ್ಯಾಸ ಒಂದು, ಪಂದ್ಯದ ದಿನದ ಸ್ಥಿತಿ ಇನ್ನೊಂದು. ನೀರು ಹಾಯಿಸುವ ನಲ್ಲಿ ಓಗಿಲ್ವಿ ಕೈಯಲ್ಲಿಲ್ಲ. ಗ್ರೀನ್ ಮೆತ್ತಗಿದ್ದರೆ ಆತನ ಜಾಣ್ಮೆಯೆಲ್ಲ ನೆನೆದುಹೋಗುತ್ತದೆ, ದೂರ ಹೊಡೆದು ಪಟ್ ಹಾಕುವವರು ಗೆಲ್ಲುತ್ತಾರೆ. ಗಟ್ಟಿಯಿದ್ದರೆ ಅಂತರ ಕಡಿಮೆಯಾಗುತ್ತದೆ. ಟಿವಿಯಲ್ಲಿ ನೋಡುವವರು ಸ್ಕೋರ್‌ಗಿಂತ ಮೊದಲು ಇದನ್ನು ಗಮನಿಸಬೇಕು: ಗ್ರೀನ್ ಮೇಲೆ ಬಿದ್ದ ಚೆಂಡು ಅಲ್ಲೇ ಕೂರುತ್ತದೋ, ಇನ್ನಷ್ಟು ದೂರ ಓಡುತ್ತದೋ?

ನಮ್ಮ ನೆಲದ ಪ್ರಶ್ನೆ

ಕೋಲಾರ ಜಿಲ್ಲೆಗೆ ಗಾಲ್ಫ್ ಹೊಸದಲ್ಲ. ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಯುತ್ತಿದ್ದ ಬ್ರಿಟಿಷರ ಕಾಲದಲ್ಲೇ ಗಣಿಯ ದೊರೆಗಳು ಇಲ್ಲಿ ಗಾಲ್ಫ್ ಆಡುತ್ತಿದ್ದರು. ಈಗಿನ ಗಾಲ್ಫ್ ಬೇರೆ ಥರ. ಕೋಲಾರದ ಬಳಿ ಜಯಾನ್ ಹಿಲ್ಸ್, ನಂದಿ ಬೆಟ್ಟದ ದಾರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಗಡಿ ಸಮೀಪ ಪ್ರೆಸ್ಟೀಜ್ ಗಾಲ್ಫ್‌ಶೈರ್. ಈ ಮಾದರಿಯಲ್ಲಿ ಹುಲ್ಲಿನ ಜೊತೆಗೆ ವಿಲ್ಲಾ, ನಿವೇಶನ ಬರುತ್ತವೆ. ವಿಮಾನ ನಿಲ್ದಾಣ ಹತ್ತಿರವಿರುವುದರಿಂದ ಇಂಥ ಯೋಜನೆ ಇನ್ನಷ್ಟು ಬರುವ ಸಾಧ್ಯತೆಯೇ ಜಾಸ್ತಿ.

ಇಲ್ಲಿಯ ನೆಲ ಕೋರ್ಸ್ ಕಟ್ಟುವವರಿಗೆ ಒಳ್ಳೆಯ ನೆಲ. ಏರಿಳಿತ ಇದೆ, ಹಾಸುಬಂಡೆ ಇದೆ, ಒಂದರ ಕೆಳಗೊಂದು ಕೆರೆಯ ಸಾಲಿದೆ. ಗರಿಕೆಯಂತೂ ತಾನಾಗೇ ಬೆಳೆಯುತ್ತದೆ. ಗಾಲ್ಫ್‌ನವರು ಬರ್ಮುಡಾ ಅನ್ನುವ ಹುಲ್ಲು ನಾವು ಗಣಪತಿಗೆ ಏರಿಸುವ ಗರಿಕೆಯೇ, ಕೋರ್ಸ್‌ಗಳಲ್ಲಿ ಅದರ ಮಿಶ್ರತಳಿಗಳೂ ಇರುತ್ತವೆ. ನೀರಿಲ್ಲದಿದ್ದರೆ ಕಂದಾಗಿ ಸುಮ್ಮನಿರುತ್ತದೆ, ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ.

ಇಲ್ಲದಿರುವುದು ನೀರು. ಎರಡೂ ಜಿಲ್ಲೆಗಳು ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿ ವರ್ಷಗಳಿಂದ ಇವೆ. ಸಾವಿರ ಅಡಿ ಕೊರೆದರೂ ಧೂಳು ಬರುವ ಕೊಳವೆಬಾವಿ ಇಲ್ಲಿ ಯಾರಿಗೂ ಸುದ್ದಿಯಲ್ಲ. ಬೇಸಿಗೆಯಲ್ಲಿ ಒಂದು ಎಕರೆ ಹುಲ್ಲಿಗೆ ದಿನಕ್ಕೆ 4 ಮಿಲಿಮೀಟರ್ ನೀರು ಕೊಟ್ಟರೆ ಸುಮಾರು 16,000 ಲೀಟರ್ ಆಗುತ್ತದೆ. 100 ಎಕರೆಗೆ 16 ಲಕ್ಷ ಲೀಟರ್. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ ಸುಮಾರು 270 ಟ್ಯಾಂಕರ್.

ಪರವಾಗಿ ಮಾತಾಡುವವರ ಉತ್ತರ ಸಂಸ್ಕರಿಸಿದ ನೀರು. ವಿಲ್ಲಾಗಳಿಂದ ಬರುವ ಕೊಳಚೆಯನ್ನೇ ಶುದ್ಧ ಮಾಡಿ ಹುಲ್ಲಿಗೆ ಹಾಯಿಸಿದರೆ ರೈತರ ನೀರು ಮುಟ್ಟಬೇಕಿಲ್ಲ, ಊರವರಿಗೆ ಕೆಲಸವೂ ಸಿಗುತ್ತದೆ. ಮಾತು ಸರಿ, ಆದರೆ ಮನೆಗಳು ತುಂಬುವ ಮೊದಲು ಕೊಳಚೆ ಎಲ್ಲಿಂದ ಬರಬೇಕು? ಹುಲ್ಲು ಮೊದಲು ಬೆಳೆಯುತ್ತದೆ, ಮನೆಗಳು ಆಮೇಲೆ. ಆ ನಡುವಿನ ವರ್ಷಗಳ ನೀರು ಕೊಳವೆಬಾವಿಯಿಂದಲೇ ಬರಬೇಕಾಗುತ್ತದೆ. ಇನ್ನು ಬೆಂಗಳೂರಿನ ಸಂಸ್ಕರಿತ ನೀರು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ, ಆಮೇಲೆ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಚಿಕ್ಕಬಳ್ಳಾಪುರದ ಕೆರೆಗಳಿಗೂ ಬರುತ್ತಿದೆ. ಅದು ಅಂತರ್ಜಲ ಮರುಪೂರಣಕ್ಕೆ ಮೀಸಲು. ಕೆರೆಗೆ ನೇರ ಪಂಪ್ ಇಟ್ಟು ರೈತರೇ ಎತ್ತುವ ಹಾಗಿಲ್ಲದ ನೀರಿನಲ್ಲಿ ಗಾಲ್ಫ್ ಕೋರ್ಸ್ ಪಾಲು ಕೇಳಿದರೆ ಊರು ಸುಮ್ಮನಿರುವುದಿಲ್ಲ.

ವಿನ್ಯಾಸದ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಡೊನಾಲ್ಡ್ ರಾಸ್ ಕಟ್ಟಿದ ಪೈನ್‌ಹರ್ಸ್ಟ್ 2ನೇ ಕೋರ್ಸ್ ಇದೆ. ಅದೂ ಒಂದು ಕಾಲಕ್ಕೆ ಗೋಡೆಯಿಂದ ಗೋಡೆಗೆ ಹಸಿರಾಗಿತ್ತು. 2010–11ರಲ್ಲಿ ವಿನ್ಯಾಸಕಾರರಾದ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಸುಮಾರು 35 ಎಕರೆ ನೀರುಣ್ಣುವ ಹುಲ್ಲನ್ನು ಕಿತ್ತುಹಾಕಿ ಮರಳು, ಕಾಡುಹುಲ್ಲು ಬಿಟ್ಟರು. ಫೇರ್‌ವೇ ಅಂಚುಗಳು ಕಂದು ತಿರುಗಿದವು. ಟಿವಿಯಲ್ಲಿ ಕೋರ್ಸ್ ಒಣಗಿದೆ ಎಂದು ಗೊಣಗಿದವರಿದ್ದರು. ಆದರೆ ಅಲ್ಲೇ 2014ರಲ್ಲಿ ಪುರುಷರ ಮತ್ತು ಮಹಿಳೆಯರ ಯುಎಸ್ ಓಪನ್ ಒಂದರ ಹಿಂದೊಂದು ನಡೆದವು. 2024ರ ಯುಎಸ್ ಓಪನ್ ಅಲ್ಲಿ ಗೆದ್ದದ್ದು ಲಾಹಿರಿಯ ನಾಯಕ ಡಿಶಾಂಬೊ.

ಕೋಲಾರದ ಲೆಕ್ಕದಲ್ಲಿ 35 ಎಕರೆ ಹುಲ್ಲು ಕಡಿಮೆ ಮಾಡಿದರೆ ಬೇಸಿಗೆಯ ದಿನಕ್ಕೆ ಐದೂವರೆ ಲಕ್ಷ ಲೀಟರ್ ಉಳಿಯುತ್ತದೆ. ಆಟಕ್ಕೂ ಅದರಿಂದ ನಷ್ಟವಿಲ್ಲ. ನಷ್ಟ ಇರುವುದು ಜಾಹೀರಾತಿನ ಚಿತ್ರಕ್ಕೆ. ವಿಲ್ಲಾ ಮಾರುವವರಿಗೆ ಬೇಕಾದದ್ದು ವರ್ಷವಿಡೀ ಕಣ್ಣಿಗೆ ಹೊಡೆಯುವ ಹಸಿರು, ಕಂದು ಗರಿಕೆ ತೋರಿಸಿ ನಿವೇಶನ ಮಾರುವುದು ಕಷ್ಟ. ಹೊಸ ಯೋಜನೆ ಗ್ರಾಮ ಪಂಚಾಯಿತಿಯ ಮುಂದೆ ಬಂದಾಗ ಕೇಳಬೇಕಾದ್ದು ಎಷ್ಟು ಎಕರೆ ಜಮೀನು ಅಂತ ಅಲ್ಲ, ಅದರಲ್ಲಿ ಎಷ್ಟು ಎಕರೆಗೆ ನೀರು ಹಾಯಿಸುತ್ತೀರಿ, ಮನೆಗಳು ತುಂಬುವವರೆಗೆ ಆ ನೀರು ಎಲ್ಲಿಯದು ಅಂತ.